ಉಪಗ್ರಹದ ಕಣ್ಣಿನಲ್ಲಿ ಚಂಡಮಾರುತದ ಮಳೆ

ಚಿತ್ತಿ ಮಳೆಯ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡ ಭಾಗದ ರೈತರಿಗೆ ಎರಡು ಕೆಲಸಗಳು ಒಟ್ಟಿಗೆ ಒದಗುತ್ತವೆ. ಕಿತ್ತ ಶೇಂಗಾ, ಕೊಯ್ದ ಸೋಯಾ ಅವರೆಗಳನ್ನು ಒಣಗಿಸಬೇಕು. ಎರೆಭೂಮಿಯಲ್ಲಿ ಕಡಲೆ, ಬಿಳಿಜೋಳ ಬಿತ್ತಬೇಕು. ಮೊದಲನೆಯದಕ್ಕೆ ಬಿಸಿಲು ಬೇಕು, ಎರಡನೆಯದಕ್ಕೆ ಹದ ಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವುದೂ ಇದೇ ಕಾಲದಲ್ಲಿ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ಒಂದು ತೀವ್ರ ಕುಸಿತವು ತೆಲಂಗಾಣ ದಾಟಿ ಬಂದು ಕಲಬುರಗಿ, ವಿಜಯಪುರ ಭಾಗಗಳಲ್ಲಿ ಭಾರಿ ಮಳೆ ಸುರಿಸಿತು. ಭೀಮಾ ನದಿ ಉಕ್ಕಿ ಬೆಳೆದ ಬೆಳೆ ನೀರುಪಾಲಾಯಿತು.

ಬಿಳಿ ಮೋಡವೆಲ್ಲ ಮಳೆಯಲ್ಲ

ಟಿ.ವಿ.ಯಲ್ಲಿ ಕಾಣುವ ಮೋಡದ ಚಿತ್ರವನ್ನು ಇನ್ಸಾಟ್ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಿಂದ ತೆಗೆಯುತ್ತವೆ. ಅವಗೆಂಪು ಕಿರಣಗಳ ಈ ಚಿತ್ರದಲ್ಲಿ ಮೋಡದ ನೆತ್ತಿ ತಣ್ಣಗಿದ್ದಷ್ಟೂ ಬಿಳಿಯಾಗಿ ಕಾಣುತ್ತದೆ. ಚಂಡಮಾರುತದ ಮೇಲ್ಭಾಗದಿಂದ ನೂರಾರು ಕಿ.ಮೀ. ಹರಡಿದ ಮೇಲ್ಮೋಡವೂ ಬಿಳಿಯೇ. ಅದರ ಕೆಳಗೆ ಒಂದು ಹನಿಯೂ ಬೀಳದಿರಬಹುದು. ಚಿತ್ರ ನೋಡಿದೊಡನೆ ಹಸಿ ಶೇಂಗಾವನ್ನು ಒಟ್ಟಿ ಮುಚ್ಚಿದರೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ.

ಮಳೆಯ ಒಳರಚನೆ

ಸೂಕ್ಷ್ಮ ತರಂಗಗಳು ತೆಳುಮೋಡವನ್ನು ಹಾಯ್ದು ಬರುವುದರಿಂದ ಒಳಗಿನ ಮಳೆಹನಿ, ಹಿಮಕಣಗಳ ಸುಳಿವು ಕೊಡುತ್ತವೆ. ಭಾರತ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದಲ್ಲಿ ಇಂತಹ ಮಾಪಕಗಳಿದ್ದವು. 1997ರಲ್ಲಿ ಅಮೆರಿಕ-ಜಪಾನ್‌ಗಳ ಟಿ.ಆರ್.ಎಂ.ಎಂ. ಉಪಗ್ರಹವು ಮೊದಲ ಮಳೆ ರಾಡಾರನ್ನು ಬಾಹ್ಯಾಕಾಶಕ್ಕೆ ಒಯ್ದಿತು. ಅದರ ಕೆಲಸವನ್ನು 2014ರಲ್ಲಿ ಹಾರಿದ ಜಿ.ಪಿ.ಎಂ. ಮುಂದುವರಿಸಿತು. ರಾಡಾರ್ ಕಳಿಸಿದ ತರಂಗ ಮರಳಿ ಬರುವ ಸಮಯದಿಂದ ಮಳೆ ಯಾವ ಎತ್ತರದಲ್ಲಿದೆ ಎಂದೂ, ಮರಳಿದ ತರಂಗದ ಬಲದಿಂದ ಅಲ್ಲಿ ಎಷ್ಟು ಮಳೆಯಿದೆ ಎಂದೂ ತಿಳಿಯುತ್ತದೆ.

ಹೀಗೆ ನೋಡಿದಾಗ ಚಂಡಮಾರುತದ ಮಳೆಯು ಸುರುಳಿ ಪಟ್ಟಿಗಳಾಗಿ ಕಾಣುತ್ತದೆ. ಬಲವಾದ ಚಂಡಮಾರುತದಲ್ಲಿ ಕಣ್ಣಿನ ಸುತ್ತಲಿನ ಮೋಡದ ಗೋಡೆಯಲ್ಲಿ ಮಳೆ ಅತಿ ಜೋರು. ಪಟ್ಟಿಗಳ ನಡುವೆ ಮಳೆ ಕಡಿಮೆ. ಮಳೆಯಲ್ಲೂ ಎರಡು ಬಗೆ: ಎತ್ತರಕ್ಕೆ ಬೆಳೆದ ಮೋಡದಿಂದ ಸ್ವಲ್ಪ ಹೊತ್ತು ಸುರಿಯುವ ಬಿರುಸು ಮಳೆ, ಅಗಲವಾದ ಮೋಡದಿಂದ ತಾಸುಗಟ್ಟಲೆ ಬೀಳುವ ಜಿಟಿಜಿಟಿ ಮಳೆ. ಎರಡನೆಯ ಬಗೆಯಲ್ಲಿ ಸುಮಾರು 5 ಕಿ.ಮೀ. ಎತ್ತರದಲ್ಲಿ ಹಿಮ ಕರಗುವ ಪದರವು ರಾಡಾರಿಗೆ ಹೊಳೆಯುವ ಗೆರೆಯಾಗಿ ತೋರುತ್ತದೆ.

ರೈತರು ಮಾಡಬೇಕಾದದ್ದು

ಜಿಟಿಜಿಟಿ ಮಳೆ ಎರೆಭೂಮಿಗೆ ಇಂಗುತ್ತದೆ. ಬಿರುಸು ಮಳೆ ಮೇಲ್ಮಣ್ಣನ್ನೂ ಹೊತ್ತು ಹರಿಯುತ್ತದೆ. ಆದ್ದರಿಂದ ಹಿಂಗಾರಿ ಹೊಲದಲ್ಲಿ ಮೊದಲೇ ಚೌಕು ಮಡಿ ಕಟ್ಟಿ, ಹೆಚ್ಚಾದ ನೀರು ಹೊರಹೋಗಲು ದಾರಿ ಬಿಡಬೇಕು. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯನ್ನು ನೋಡಿಯೇ ಕೊಯ್ಲು, ಬಿತ್ತನೆಗಳನ್ನು ನಿರ್ಧರಿಸುವುದು ಒಳ್ಳೆಯದು.

ರಾಡಾರ್ ಹೊತ್ತ ಉಪಗ್ರಹವು ನಮ್ಮ ಊರಿನ ಮೇಲೆ ನಿಲ್ಲುವುದಿಲ್ಲ, ಹಾಯ್ದು ಹೋಗುತ್ತದೆ. ಹಲವು ಉಪಗ್ರಹಗಳ ಮಾಹಿತಿ ಕೂಡಿಸಿ ಮಾಡುವ ಮಳೆ ಅಂದಾಜೂ ಸುಮಾರು 10 ಕಿ.ಮೀ. ಚೌಕದ ಸರಾಸರಿಯೇ ಹೊರತು ಒಂದು ಹೊಲದ ಲೆಕ್ಕವಲ್ಲ. ಪ್ರತಿ ಗ್ರಾಮದಲ್ಲೂ ಒಂದು ಮಳೆಮಾಪಕವಿಟ್ಟು ದಿನವೂ ಬೆಳಿಗ್ಗೆ 8-30ಕ್ಕೆ ಅಳೆದು ಬರೆದಿಡಬೇಕು. ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಉಪಗ್ರಹ ಬರುವ ಮಳೆಯ ಸೂಚನೆ ಕೊಡುತ್ತದೆ. ಬಿದ್ದ ಮಳೆಯ ಲೆಕ್ಕವನ್ನು ನಾವೇ ಇಡಬೇಕು.