ಸೋಮವಾರಪೇಟೆಯ ಹಿತ್ತಿಲ ತೋಟಗಳಲ್ಲಿ ನೀರಿನ ಮಿತವ್ಯಯ

ಕೊಡಗಿನ ಉತ್ತರ ಭಾಗದಲ್ಲಿರುವ ಸೋಮವಾರಪೇಟೆಯ ಸೀಮೆಯನ್ನು ಮಳೆಗಾಲದಲ್ಲಿ ಕಂಡವರಿಗೆ, ಅಲ್ಲಿಯೂ ನೀರಿನ ಅಭಾವವುಂಟೆಂದು ಹೇಳಿದರೆ ನಂಬುಗೆಯಾಗಲಾರದು. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಮಳೆ ಸುರಿಯುವುದು. ಹೆಂಚಿನ ಮಾಡುಗಳಿಂದ ನೀರು ಹಗ್ಗದಂತೆ ಇಳಿಯುವುದು. ಅಂಗಳಗಳು ಪಾಚಿ ಕಟ್ಟಿ ಜಾರುವುವು. ಅದೇ ಮನೆಗಳ ಹಿತ್ತಿಲನ್ನು ಫಾಲ್ಗುಣ ಚೈತ್ರಗಳಲ್ಲಿ ಹೊಕ್ಕು ನೋಡಿದರೆ ಬದನೆಯ ಗಿಡಗಳು ಹೊತ್ತು ಏರುವುದರೊಳಗಾಗಿ ಎಲೆಗಳನ್ನು ಜೋಲಿಸಿ ನಿಂತಿರುವುವು. ಬಾವಿಯ ಹಗ್ಗವು ಸಾಲದೆ ತುಂಡು ಸೇರಿಸಬೇಕಾಗಿರುವುದು. ಸೇದಿದ ನಾಲ್ಕು ಕೊಡ ನೀರನ್ನು ಅಡಿಗೆಗೆ ಇಡಬೇಕೋ ಗಿಡಗಳಿಗೆ ಹೊಯ್ಯಬೇಕೋ ಎಂಬ ಪ್ರಶ್ನೆ ಬಂದಾಗ ತೋಟವೇ ಸೋಲುವುದು ಸಹಜ. ಹೀಗೆ ಮಳೆಗಾಲದಲ್ಲಿ ನೆಟ್ಟು ಸಾಕಿದ ಹಿತ್ತಿಲು ಬೇಸಗೆಯಲ್ಲಿ ಹಾಳುಬಿದ್ದು, ಸೊಪ್ಪು ತರಕಾರಿಗಳಿಗೆ ಸೋಮವಾರದ ಸಂತೆಯನ್ನೇ ಕಾಯಬೇಕಾದ ಸ್ಥಿತಿ ಬಹು ಮನೆಗಳಲ್ಲುಂಟು.

ಈ ವೈಚಿತ್ರ್ಯಕ್ಕೆ ಕಾರಣವನ್ನು ಮಳೆಯ ಹಂಚಿಕೆಯಲ್ಲಿ ಹುಡುಕಬೇಕು. ಪಶ್ಚಿಮದಲ್ಲಿ 1,712 ಮೀಟರ್ ಎತ್ತರವುಳ್ಳ ಪುಷ್ಪಗಿರಿಯೂ ಅದರ ಸಾಲಿನ ಬೆಟ್ಟಗಳೂ ನೈಋತ್ಯ ಮಾರುತದ ಮೋಡಗಳನ್ನು ತಡೆಯುವುದರಿಂದ ಶಾಂತಳ್ಳಿಯ ಕಡೆಗೆ ಅತಿವೃಷ್ಟಿಯಾಗುವುದು. ಅಲ್ಲಿಂದ ಪೂರ್ವಕ್ಕೆ ಸಾಗಿ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕುಶಾಲನಗರದ ಹೆಬ್ಬಾಲೆ ಶಿರಂಗಾಲಗಳನ್ನು ಸೇರುವಷ್ಟರಲ್ಲಿ ಮಳೆಯು ಬಹುಮಟ್ಟಿಗೆ ಬಯಲುಸೀಮೆಯ ಮಳೆಯಾಗುವುದು. ಆದರೆ ಎರಡು ಕಡೆಗಳಲ್ಲಿಯೂ ಒಂದು ಸಂಗತಿ ಸಮಾನವಾಗಿದೆ: ವರ್ಷದ ಮಳೆಯ ಅಧಿಕಾಂಶವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನೊಳಗಾಗಿ ಬಿದ್ದುಹೋಗುವುದು; ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶವನ್ನು ನಂಬಿ ಕೂಡುವಂತಿಲ್ಲ. ಕಾಫಿಯ ಹೂಮಳೆಯು ಸಕಾಲದಲ್ಲಿ ಬಂದರೆ ಹಿತ್ತಿಲಿಗೂ ಅದರ ಪಾಲು ದೊರೆಯುವುದು, ಬಾರದಿದ್ದರೆ ಇಲ್ಲ. ಇಳಿಜಾರಾದ ನೆಲದ ಮೇಲೆ ಬಿದ್ದ ಜುಲೈ ತಿಂಗಳ ನೀರು ಅಷ್ಟರಲ್ಲಿ ಹಾರಂಗಿಯನ್ನೂ ಕಾವೇರಿಯನ್ನೂ ಸೇರಿ ಎಷ್ಟೋ ದೂರ ಹೋಗಿರುವುದು.

ಒಂದು ಲೆಕ್ಕವನ್ನು ಇಲ್ಲಿ ಗಮನಿಸುವುದು ಯುಕ್ತ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರಿಗೆ ಸಮ. ನೂರು ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಮಳೆಯಾದರೆ 10,000 ಲೀಟರ್ ಆಯಿತು. ಚೆಲ್ಲಿ ಹಾರಿ ಹೋಗುವ ಐದರಲ್ಲೊಂದು ಪಾಲನ್ನು ಕಳೆದರೂ 8,000 ಲೀಟರ್ ಉಳಿಯುವುದು. ಖರ್ಚಿನ ಕಡೆಯಲ್ಲಿ, ಬೇಸಗೆಯ ಬಿಸಿಲಿನಲ್ಲಿ ತುಂಬ ಬೆಳೆದ ಕಾಯಿಪಲ್ಲೆಯ ಪಾತಿಯು ಚದರ ಮೀಟರಿಗೆ ದಿನಕ್ಕೆ ಸುಮಾರು 4ರಿಂದ 5 ಲೀಟರ್ ನೀರನ್ನು ಬೇಡುವುದು. ಸಣ್ಣ ಕುಟುಂಬದ 20 ಚದರ ಮೀಟರ್ ತೋಟಕ್ಕೆ ನೂರು ದಿನಗಳಿಗೆ 8,000ದಿಂದ 10,000 ಲೀಟರ್ ಬೇಕು. ಎಂದರೆ ಫೆಬ್ರವರಿಯಿಂದ ಮೇ ತಿಂಗಳ ಮಧ್ಯದವರೆಗೆ ತೋಟಕ್ಕೆ ಬೇಕಾದುದೆಲ್ಲವೂ ಹೆಚ್ಚುಕಡಮೆ ಆಷಾಢದ ಕೆಲವೇ ದಿನಗಳಲ್ಲಿ ಮನೆಯ ಮಾಡಿನ ಮೇಲೆಯೇ ಬಿದ್ದು ಹರಿದುಹೋಗುತ್ತದೆ.

ಇದನ್ನು ಓದಿದೊಡನೆ ದೊಡ್ಡ ತೊಟ್ಟಿಯೊಂದನ್ನು ಕಟ್ಟಿಸಬೇಕೆಂದು ತೋರಬಹುದು. ಶಕ್ತಿಯುಳ್ಳವರು ಕಟ್ಟಿಸಲಿ. ಬೆಂಗಳೂರಿನಲ್ಲಿ ವಿಜ್ಞಾನಿಗಳಾದ ಎ. ಆರ್. ಶಿವಕುಮಾರ್ ಎಂಬವರು 1995ರಲ್ಲಿ ಕಟ್ಟಿಸಿದ ಮನೆಯು ನಗರದ ನಲ್ಲಿಯ ನೀರನ್ನು ಬೇಡದೆ ಮಳೆಯ ನೀರಿನಿಂದಲೇ ನಡೆದುಬಂದುದು ಪ್ರಸಿದ್ಧವಾಗಿದೆ. ಕಾಸರಗೋಡಿನ ಗಡಿಸೀಮೆಯಿಂದ ಶ್ರೀ ಪಡ್ರೆಯವರು ಹಲವು ವರ್ಷಗಳಿಂದ ಈ ವಿಷಯವನ್ನು ಕನ್ನಡದಲ್ಲಿ ಬರೆದು ಪ್ರಚಾರಪಡಿಸಿದ್ದಾರೆ. ಆದರೆ 8,000 ಲೀಟರಿನ ತೊಟ್ಟಿಯ ವೆಚ್ಚವನ್ನು ಬದನೆ ಬೆಂಡೆಗಳಿಂದ ತೀರಿಸಿಕೊಳ್ಳುವುದು ಸುಲಭವಲ್ಲ. ವೆಚ್ಚವಿಲ್ಲದ ಬೇರೊಂದು ತೊಟ್ಟಿಯು ಪ್ರತಿ ಹಿತ್ತಿಲಿನಲ್ಲಿಯೂ ಈಗಾಗಲೇ ಇದೆ; ಅದು ಗಿಡಗಳ ಬುಡದ ಮಣ್ಣು. ಗೋಡುಮಣ್ಣು ಒಂದು ಮೀಟರ್ ಆಳದಲ್ಲಿ, ಬೇರುಗಳಿಗೆ ಒದಗುವ ರೂಪದಲ್ಲಿ, ಚದರ ಮೀಟರಿಗೆ ಸುಮಾರು 100ರಿಂದ 150 ಲೀಟರ್ ನೀರನ್ನು ಹಿಡಿದಿಡಬಲ್ಲುದು. ಮೇಲೆ ಹೇಳಿದ 20 ಚದರ ಮೀಟರಿನಲ್ಲಿ ಇದು 2,000ದಿಂದ 3,000 ಲೀಟರ್ ಆಗುವುದು. ಮಳೆಗಾಲದ ಕೊನೆಗೆ ಈ ತೊಟ್ಟಿಯು ತಾನಾಗಿಯೇ ತುಂಬಿರುತ್ತದೆ. ಅದನ್ನು ಮುಚ್ಚದೆ ಬಿಡುವುದೇ ಇಲ್ಲಿ ನಡೆಯುತ್ತಿರುವ ದೊಡ್ಡ ತಪ್ಪು.

ಚಿತ್ತೆ ಸ್ವಾತಿಗಳ ಮಳೆ ಕಳೆದ ಮೇಲೆ ಮಣ್ಣು ಹಸಿಯಾಗಿರುವುದನ್ನು ಕಂಡು ಗೃಹಸ್ಥರು ನಿಶ್ಚಿಂತರಾಗಿರುವರು. ಆದರೆ ನವೆಂಬರ್ ಡಿಸೆಂಬರುಗಳ ಒಣಗಾಳಿಯೂ ತಿಳಿಬಿಸಿಲೂ ಬರಿಯ ನೆಲದಿಂದ ದಿನದಿನವೂ ನೀರನ್ನು ಎಳೆದುಕೊಳ್ಳುತ್ತಲೇ ಇರುವುವು. ಜನವರಿಯಲ್ಲಿ ನೆಲ ಬಿರಿದುದನ್ನು ಕಂಡು ಹೊದಿಕೆ ಹಾಕಿದರೆ, ಬರಿದಾದ ಹಗೇವಿಗೆ ಬೀಗ ಹಾಕಿದಂತಾಗುವುದು. ಆದುದರಿಂದ ಹೊದಿಕೆಯ ಕೆಲಸಕ್ಕೆ ಕೊಡಗಿನವರಾರೂ ಮರೆಯಲಾರದ ದಿನವೊಂದನ್ನು ಗುರುತಾಗಿ ಇಟ್ಟುಕೊಳ್ಳಬಹುದು: ಅಕ್ಟೋಬರ್ ನಡುವೆ ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವವಾದ ಮೇಲೆ, ಕಳೆಯನ್ನು ಕಿತ್ತು ಮಣ್ಣನ್ನು ಎರಡು ಅಂಗುಲ ಮಾತ್ರ ಸಡಿಲಿಸಿ, ಒಂದು ಒಳ್ಳೆಯ ಮಳೆಯ ಮರುದಿನವೇ ನೆಲವನ್ನು ಮುಚ್ಚತಕ್ಕದ್ದು.

ಯಾವುದರಿಂದ ಮುಚ್ಚಬೇಕೆಂಬುದು ಮುಖ್ಯ. ಬತ್ತದ ಹುಲ್ಲು ಉತ್ತಮವೇ, ಆದರೆ ಅದು ಪುತ್ತರಿಯ ಕೊಯ್ಲಾಗುವವರೆಗೆ ದೊರೆಯುವುದಿಲ್ಲ. ದೊರೆತರೂ ದನಗಳ ಪಾಲು ಮೊದಲು. ತುಲಾಮಾಸದಿಂದ ಪುತ್ತರಿಯವರೆಗಿನ ವಾರಗಳಿಗೆ ಕಾಫಿ ತೋಟದ ನೆರಳಿನ ಮರಗಳ ಸೊಪ್ಪೇ ಗತಿ. ಇವುಗಳಲ್ಲಿಯೂ ಭೇದವುಂಟು. ಹಾಲುವಾಣದ ಸೊಪ್ಪು ಸಾರಜನಕವುಳ್ಳದ್ದು, ಬೇಗನೆ ಕೊಳೆತು ಗೊಬ್ಬರವಾಗುವುದು. ಆದರೆ ಬಹುಬೇಗ ಕರಗಿಹೋಗುವುದರಿಂದ ಬೇಸಗೆಯವರೆಗೆ ನೆಲವನ್ನು ಮುಚ್ಚಿರಲಾರದು. ಸಿಲ್ವರ್ ಓಕಿನ ಎಲೆಯು ಗಡುಸು, ಕೊಳೆಯಲು ಬಹುಕಾಲ ಹಿಡಿಯುವುದು. ಗೊಬ್ಬರಕ್ಕೆ ಒಗ್ಗದೆಂದು ಜನರು ಗುಡಿಸಿ ಸುಡುವ ಈ ಎಲೆಯೇ ಹೊದಿಕೆಗೆ ಬೆಲೆಯುಳ್ಳದ್ದು. ಕೆಳಗೆ ಹಾಲುವಾಣ, ಅದರ ಮೇಲೆ ಓಕಿನ ತರಗು, ಒಟ್ಟಿನಲ್ಲಿ ನಾಲ್ಕು ಅಂಗುಲ ದಪ್ಪ; ಹೀಗೆ ಹಾಕಿದರೆ ಕೆಳಗಿನದು ಗಿಡಕ್ಕೆ ಆಹಾರವಾಗುವುದು, ಮೇಲಿನದು ಛತ್ರಿಯಾಗಿ ನಿಲ್ಲುವುದು. ಎಲೆಯನ್ನು ಸುಡುವ ಪದ್ಧತಿಯು ಈ ಸೀಮೆಯಲ್ಲಿ ಇನ್ನೂ ಉಳಿದಿರುವುದು ವ್ಯಸನಕರ. ಕಾಫಿಯ ಹೊಟ್ಟನ್ನೂ ಹಣ್ಣಿನ ಸಿಪ್ಪೆಯನ್ನೂ ಹಸಿಯಾಗಿ ಪಾತಿಗೆ ಹಾಕಬಾರದು. ಆಲ್ಬರ್ಟ್ ಹೋವರ್ಡ್ ಎಂಬ ವಿದ್ವಾಂಸರು 1924ರಿಂದ 1931ರವರೆಗೆ ಇಂದೋರಿನಲ್ಲಿ ನಡೆಸಿ ತೋರಿಸಿದ ಕಾಂಪೋಸ್ಟು ಕ್ರಮದಂತೆ, ಸಗಣಿ ಸೊಪ್ಪುಗಳೊಡನೆ ಪದರ ಪದರವಾಗಿ ಒಟ್ಟಿ, ತಿರುವಿ, ಕಪ್ಪಾಗಿ ಬಿಡಿಬಿಡಿಯಾದ ಮೇಲೆ ಬಳಸತಕ್ಕದ್ದು. ಹೀಗೆ ಕಳಿತ ಗೊಬ್ಬರವು ಮಣ್ಣಿನ ನೀರು ಹಿಡಿಯುವ ಶಕ್ತಿಯನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುವುದು. ಮಳೆಯಿಂದ ತೊಳೆದುಹೋಗಿ ಹುಳಿಯಾದ ಮಣ್ಣಿಗೆ ಸುಣ್ಣ ಬೇಕಾಗಬಹುದು. ಎಷ್ಟೆಂಬುದನ್ನು ಊಹೆಯಿಂದ ನಿರ್ಧರಿಸದೆ ಮಣ್ಣಿನ ಪರೀಕ್ಷೆಯಿಂದ ತಿಳಿಯಬೇಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಈ ಬಗ್ಗೆ ವಿಚಾರಿಸಬಹುದು.

ಹೊದಿಕೆಯಿಂದ ಕೇಡೂ ಉಂಟು. ಒಣಹುಲ್ಲು ಕಾಂಡಕ್ಕೆ ತಾಗಿದರೆ ಗೆದ್ದಲು ಹತ್ತುವುದು, ಹಸಿ ಸೊಪ್ಪು ತಾಗಿದರೆ ಬುಡ ಕೊಳೆಯುವುದು. ಆದಕಾರಣ ಕಾಂಡದ ಸುತ್ತಲೂ ನಾಲ್ಕು ಬೆರಳಗಲ ಬಯಲು ಬಿಡಬೇಕು. ಇದಕ್ಕಿಂತಲೂ ದೊಡ್ಡ ಪೀಡೆಯೆಂದರೆ ಆಫ್ರಿಕದ ದೊಡ್ಡ ಬಸವನಹುಳು. ಈಚಿನ ವರ್ಷಗಳಲ್ಲಿ ಶನಿವಾರಸಂತೆಯ ಕಡೆಯ ಕಾಫಿ ತೋಟಗಳನ್ನು ಕಾಡಿದ ಈ ಪ್ರಾಣಿಗೆ ಮಳೆಗಾಲದ ದಪ್ಪ ಹೊದಿಕೆಯಂತಹ ಆಶ್ರಯ ಮತ್ತೊಂದಿಲ್ಲ. ಆದುದರಿಂದ ಮುಂಗಾರು ಹಿಡಿಯುವುದಕ್ಕೆ ಮುಂಚೆ ಹಳೆಯ ಹೊದಿಕೆಯನ್ನು ಗೋರಿ ಗೊಬ್ಬರದ ಗುಂಡಿಗೆ ಸೇರಿಸಿ, ಮಳೆಗಾಲದ ಮಧ್ಯದಲ್ಲಿ ಪಾತಿಗಳನ್ನು ತೆಳುವಾಗಿ ಮಾತ್ರ ಮುಚ್ಚಿರಬೇಕು. ಹುಳು ಕಂಡಲ್ಲಿ ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆಗಳನ್ನು ಹರಡಿಟ್ಟರೆ ಬೆಳಗಾಗುವುದರೊಳಗೆ ಅವು ಅಲ್ಲಿ ನೆರೆದಿರುವುವು. ಆರಿಸಿ ಉಪ್ಪುನೀರಿಗೆ ಹಾಕಬೇಕು. ಬರಿಗೈಯಿಂದ ಮುಟ್ಟಬಾರದು, ಮನುಷ್ಯರಿಗೆ ರೋಗ ತರುವ ಸೂಕ್ಷ್ಮ ಹುಳುವೊಂದು ಅದರ ಲೋಳೆಯಲ್ಲಿ ಇರಬಹುದು.

ನೀರಿಂಗಿಸುವ ಗುಂಡಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಕಾಫಿ ತೋಟಗಳಲ್ಲಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ, ಒಂದರ ನೇರಕ್ಕೆ ಮತ್ತೊಂದು ಬಾರದಂತೆ ತೋಡುವ ತೊಟ್ಟಿಲು ಗುಂಡಿಗಳನ್ನು ಎಲ್ಲರೂ ಬಲ್ಲರು. ಸಣ್ಣ ಇಳಿಜಾರಿನ ಹಿತ್ತಿಲಿನಲ್ಲಿ ಇದನ್ನೇ ಅನುಸರಿಸಿ, ಒಂದು ಅಡಿ ಅಗಲ ಒಂದೂವರೆ ಅಡಿ ಆಳದ ಚಿಕ್ಕ ಗುಂಡಿಗಳನ್ನು ತೋಡಿ ತರಗನ್ನು ತುಂಬಿದರೆ ಹರಿದುಹೋಗುವ ನೀರೂ ಮಣ್ಣೂ ಅಲ್ಲಿ ನಿಲ್ಲುವುವು. ಆದರೆ ಸೋಮವಾರಪೇಟೆಯ ಕಡೆಯಲ್ಲಿ ಎಷ್ಟೋ ಮನೆಗಳು ಗುಡ್ಡವನ್ನು ಕಡಿದು ಮಾಡಿದ ತಟ್ಟಿನ ಮೇಲೆ ನಿಂತಿವೆ. ಮನೆಯ ಹಿಂದೆ ನೇರವಾಗಿ ಕಡಿದ ಬರೆ, ಬರೆಯ ನೆತ್ತಿಯ ಮೇಲೆ ಹಿತ್ತಿಲು. ಇಂತಹ ಸ್ಥಳದಲ್ಲಿ ಮೇಲೆ ಗುಂಡಿ ತೋಡಿ ನೀರಿಂಗಿಸುವುದು ಎಂದಿಗೂ ತಕ್ಕುದಲ್ಲ. ನೀರು ಕುಡಿದ ಮಣ್ಣು ಭಾರವಾಗುವುದು, ಕಣಗಳ ನಡುವಿನ ಹಿಡಿತ ಸಡಿಲುವುದು, ಕೆಳಗೆ ಆಧಾರವಿಲ್ಲದ ಬರೆ ಜರಿದು ಬೀಳುವುದು. 2018ರ ಆಗಸ್ಟಿನಲ್ಲಿ ಮಾದಾಪುರ ಹಟ್ಟಿಹೊಳೆಗಳ ಕಡೆಯಲ್ಲಿ ಗುಡ್ಡಗಳು ಜರಿದುದನ್ನು ಕಂಡ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೀರಿನ ಮಿತವ್ಯಯವು ಎಲ್ಲಕ್ಕೂ ಮೊದಲೆಂದು ಬೋಧಿಸುವ ಕೈಪಿಡಿಗಳು ಬಯಲುಸೀಮೆಗೆಂದು ಬರೆದವು. ಬೆಟ್ಟದ ನಾಡಿನಲ್ಲಿ ಆಷಾಢದ ನೀರನ್ನು ಬರೆಯ ನೆತ್ತಿಯಿಂದ ಓರೆಗಾಲುವೆಯ ಮೂಲಕ ದೂರಕ್ಕೆ ಸಾಗಿಸುವುದೂ ಅಷ್ಟೇ ಅವಶ್ಯ. ಅಲ್ಲಿ ಗುಂಡಿಗೆ ಬದಲಾಗಿ ಹೊದಿಕೆಯನ್ನೇ ನಂಬಿ, ಅಂಚಿನಲ್ಲಿ ಲಾವಂಚವನ್ನು ಒತ್ತಾಗಿ ನೆಡಬೇಕು.

ಬಚ್ಚಲ ನೀರಿನ ವಿಷಯವನ್ನು ಅಲ್ಪವೆಂದು ಎಣಿಸಬಾರದು. ಐದು ಮಂದಿ ಸ್ನಾನಕ್ಕೆ ತಲಾ ಒಂದು ಬಕೆಟ್ಟಿನಂತೆ ಬಳಸಿದರೂ ದಿನಕ್ಕೆ 100 ಲೀಟರ್ ಹರಿಯುವುದು. ಇದು ಮೇಲೆ ಲೆಕ್ಕ ಹಾಕಿದ ತೋಟದ ದಿನದ ಖರ್ಚಿಗೆ ಸಮ. ಸಾಬೂನಿನ ನೀರನ್ನು ಬಾಳೆಯೂ ಕೆಸುವೂ ಚೆನ್ನಾಗಿ ಸಹಿಸುವುವು. ಕೊಡಗಿನ ಹಳೆಯ ಮನೆಗಳ ಬಚ್ಚಲ ಹಿಂದೆ ಬಾಳೆಯ ಹಿಂಡಿಲು ಇರುವುದು ಹಿರಿಯರ ವಿವೇಕಕ್ಕೆ ಸಾಕ್ಷಿ. ಬಟ್ಟೆ ಒಗೆಯುವ ಪುಡಿಯ ಮೊದಲ ನೀರನ್ನು ಮಾತ್ರ ತೋಟಕ್ಕೆ ಬಿಡಬಾರದು. ಅದರ ಕ್ಷಾರವು ಮಣ್ಣನ್ನು ಕೆಡಿಸುವುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಚ್ಚಲ ನೀರು ಸಲ್ಲದು.

ಬೆಳೆಯ ಕಾಲವನ್ನು ಹಿಂದುಮುಂದು ಮಾಡುವುದರಿಂದಲೂ ಎಷ್ಟೋ ಕೊಡ ನೀರು ಉಳಿಯುವುದು. ಹುರುಳಿಕಾಯಿ, ಮೂಲಂಗಿ, ಟೊಮೆಟೊ ಮೊದಲಾದುವುಗಳನ್ನು ಮಳೆ ಇಳಿಮುಖವಾದೊಡನೆ ಬಿತ್ತಿ ನೆಟ್ಟರೆ ಮಣ್ಣಿನ ಹಸಿಯಲ್ಲಿಯೇ ಬೆಳೆದು, ಬಾವಿ ಇಳಿಯುವುದಕ್ಕೆ ಮೊದಲೇ ಕೈಗೆ ಬರುವುವು. ಇವನ್ನೇ ಜನವರಿಯಲ್ಲಿ ಹಾಕುವವನು ಪ್ರತಿ ಕಾಯಿಗೂ ನೀರು ಹೊರಬೇಕು. ಬೇಸಗೆಗೆ ಹೀರೆ, ಸೋರೆ, ಕುಂಬಳ, ಹರಿವೆ ಇಷ್ಟೇ ಸಾಕು. ಪಾತಿಯ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ಉಳಿದುದನ್ನು ಹೊದಿಸಿ ಬಿಡುವುದರಲ್ಲಿ ಅವಮಾನವೇನೂ ಇಲ್ಲ.

ಈ ಬೇಸಗೆಯ ಬಳ್ಳಿಗಳಿಗೆ ನೀರುಣಿಸಲು ಮಣ್ಣಿನ ಮಡಕೆಯ ಕ್ರಮವು ಅತ್ಯುತ್ತಮವಾದುದು. ಎರಡು ಸಹಸ್ರ ವರ್ಷಗಳ ಹಿಂದೆಯೇ ಚೀನದ ವ್ಯವಸಾಯ ಗ್ರಂಥದಲ್ಲಿ ಇದರ ಪ್ರಸ್ತಾಪವಿದೆ. 1970ರ ದಶಕದಲ್ಲಿ ಹರಿಯಾಣದ ಕರ್ನಾಲಿನ ವಿಜ್ಞಾನಿಗಳು ಇದನ್ನು ಪ್ರಯೋಗಿಸಿ ಪ್ರಚಾರಕ್ಕೆ ತಂದರು. ಐದಾರು ಲೀಟರ್ ಹಿಡಿಯುವ, ಬಣ್ಣ ಮೆರುಗುಗಳಿಲ್ಲದ ಸುಟ್ಟ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ ಬಾಯನ್ನು ಮುಚ್ಚಿಡುವುದು. ಸುತ್ತಲೂ ಒಂದು ಗೇಣು ದೂರದಲ್ಲಿ ನಾಲ್ಕು ಬೀಜಗಳನ್ನು ಹಾಕುವುದು. ಮಣ್ಣು ಒಣಗಿದಷ್ಟೂ ಮಡಕೆಯು ಹೆಚ್ಚಾಗಿ ಜಿನುಗುವುದು, ಹಸಿಯಾಗಿದ್ದರೆ ತಡೆಯುವುದು. ಆದುದರಿಂದ ನೀರು ಮೇಲಿನಿಂದ ಆವಿಯಾಗಿ ಹೋಗದೆ ಬೇರಿಗೇ ಸೇರುವುದು. ಮೂರು ನಾಲ್ಕು ದಿನಗಳಿಗೊಮ್ಮೆ ತುಂಬಿದರೆ ಸಾಕಾಗುವುದು. ಮಡಕೆಯನ್ನು ಕೊಳ್ಳುವಾಗ ನೀರು ತುಂಬಿ ಒಂದು ರಾತ್ರಿ ಇಟ್ಟು ನೋಡಬೇಕು. ಬೆಳಗ್ಗೆ ಹೊರಮೈ ಬೆವರಿದ್ದರೆ ಒಳ್ಳೆಯದು, ಒಣಗಿದ್ದರೆ ಅದು ಈ ಕೆಲಸಕ್ಕೆ ಬಾರದು. ಒಂದೆರಡು ವರ್ಷಗಳಲ್ಲಿ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುವುದರಿಂದ ಮೇ ತಿಂಗಳ ಕೊನೆಗೆ, ರೋಹಿಣಿಯ ಮಳೆ ಬಿದ್ದೊಡನೆ, ಮಡಕೆಗಳನ್ನು ಅಗೆದು ತೆಗೆದು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬೋರಲಾಗಿ ಸೂರಿನ ಕೆಳಗೆ ಇಡತಕ್ಕದ್ದು.