ಮೋಟಾರು ಕಾರಿನ ನಿಶ್ವಾಸ

ಮೋಟಾರು ಕಾರಿನ ಎಂಜಿನ್ನಿನಲ್ಲಿ ಪೆಟ್ರೋಲು ಸ್ಫೋಟಿಸುತ್ತದೆಂದು ಹೇಳುವುದು ವಾಡಿಕೆ. ಆದರೆ ಹೊರಗೆ ನಿಂತವರಿಗೆ ಕೇಳುವುದು ಬರಿಯ ಗುರುಗುಟ್ಟುವಿಕೆ. ನಡುವೆ ಆದುದೇನು?

ನಾಲ್ಕು ಸಿಲಿಂಡರುಗಳ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಪ್ರತಿ ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೊಮ್ಮೆ ದಹನವಾಗುವುದರಿಂದ, ಸುಟ್ಟ ಅನಿಲವು ಒಟ್ಟಿನಲ್ಲಿ ಸೆಕೆಂಡಿಗೆ 100 ಸಲ ಹೊರನುಗ್ಗುತ್ತದೆ. ಕವಾಟ ತೆರೆಯುವ ಕ್ಷಣದಲ್ಲಿ ಅದರ ಒತ್ತಡವು ವಾಯುಮಂಡಲದ ಒತ್ತಡದ ಹಲವು ಪಟ್ಟು. ಈ ಹೊಡೆತವೇ ಶಬ್ದದ ಮೂಲ.

ಅನಿಲವೆಲ್ಲ ಒಂದೇ ಕೊಳವೆಯಲ್ಲಿ ಕೂಡಿ ಕಾರಿನಡಿಯ ಸೈಲೆನ್ಸರನ್ನು ಸೇರುತ್ತದೆ. ಸೈಲೆನ್ಸರನ್ನು ಸೀಳಿ ನೋಡಿದರೆ ರಂಧ್ರಗಳುಳ್ಳ ನಳಿಗೆಗಳೂ ಕೋಣೆಗಳೂ ಕಾಣುವುವು. ಇಕ್ಕಟ್ಟಾದ ನಳಿಗೆಯಿಂದ ವಿಶಾಲವಾದ ಕೋಣೆಗೆ ಬಂದ ಶಬ್ದತರಂಗದ ಒಂದಂಶ ಹಿಂದಿರುಗುತ್ತದೆ. ಒಂದು ತರಂಗದ ಉಬ್ಬು ಮತ್ತೊಂದರ ತಗ್ಗನ್ನು ಕೂಡಿದರೆ ಎರಡೂ ಅಳಿಯುತ್ತವೆ. 300 ಡಿಗ್ರಿ ಸೆಂಟಿಗ್ರೇಡಿನ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರು. ಆದ್ದರಿಂದ ಸೆಕೆಂಡಿಗೆ 600 ಕಂಪನಗಳ ಸ್ವರದ ತರಂಗದುದ್ದ 80 ಸೆಂಟಿಮೀಟರು. ಅದನ್ನಳಿಸಲು ಎರಡು ತರಂಗಗಳ ಹಾದಿಗಳಲ್ಲಿ 40 ಸೆಂಟಿಮೀಟರಿನ ಅಂತರ ಸಾಕು. 100 ಕಂಪನಗಳ ಮಂದ್ರಸ್ವರಕ್ಕಾದರೋ 2.4 ಮೀಟರು ಬೇಕು. ಅಷ್ಟು ಸ್ಥಳ ಕಾರಿನಡಿಯಲ್ಲೆಲ್ಲಿ? ಕೀಚುದನಿ ಅಡಗಿ ಗುರುಗುಟ್ಟುವಿಕೆ ಉಳಿಯುವುದು ಬಹುಮಟ್ಟಿಗೆ ಇದರಿಂದಲೇ.

ಅನಿಲದ ಗುಣವನ್ನು ಮಾತ್ರ ಸೈಲೆನ್ಸರು ಬದಲಿಸಲಾರದು. ಪೆಟ್ರೋಲು ಪೂರ್ಣವಾಗಿ ಉರಿಯದಿದ್ದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಇದರ ನಿವಾರಣೆಗಾಗಿ ಸೈಲೆನ್ಸರಿಗೆ ಮುಂಚೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪಾತ್ರೆಯನ್ನು ಜೋಡಿಸಿರುತ್ತಾರೆ. ಅದರೊಳಗೆ ಜೇನುಗೂಡಿನಂತೆ ಸಣ್ಣ ಕಣ್ಣುಗಳು; ಅವುಗಳ ಮೇಲೆ ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್ ಲೋಹಗಳ ತೆಳುಲೇಪ. ಈ ಲೋಹಗಳ ಮೈಮೇಲೆ ಮಾನಾಕ್ಸೈಡು ಆಮ್ಲಜನಕವನ್ನು ಕೂಡಿ ಡೈಆಕ್ಸೈಡಾಗುತ್ತದೆ. ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸವು ಈ ಲೇಪವನ್ನು ಕೆಡಿಸುತ್ತದೆ. ಅದಕ್ಕಾಗಿ, 1995ರಲ್ಲಿ ನಮ್ಮ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಕನ್ವರ್ಟರನ್ನು ಕಡ್ಡಾಯ ಮಾಡಿದಾಗ, ಸೀಸರಹಿತ ಪೆಟ್ರೋಲನ್ನೂ ಒದಗಿಸಬೇಕಾಯಿತು. 2000ದಲ್ಲಿ ದೇಶದಾದ್ಯಂತ ಸೀಸವನ್ನು ಕೈಬಿಡಲಾಯಿತು.

ಈ ಪಾತ್ರೆಗೊಂದು ಕೊರತೆಯುಂಟು. ಸುಮಾರು 250–300 ಡಿಗ್ರಿ ಕಾಯುವವರೆಗೆ ಅದು ಸರಿಯಾಗಿ ಕೆಲಸಮಾಡದು. ಎಂಜಿನ್ನು ತಣ್ಣಗಿರುವ ಆ ಮೊದಲ ಗಳಿಗೆಯಲ್ಲಿಯೇ ಮಾನಾಕ್ಸೈಡು ಹೆಚ್ಚು. ಮಳೆಗಾಲದ ಬೆಳಗಿನಲ್ಲಿ ಷೆಡ್ಡಿನ ಬಾಗಿಲು ಮುಚ್ಚಿಕೊಂಡು ಎಂಜಿನ್ನನ್ನು ಕಾಯಿಸುವವರುಂಟು. ತಲೆನೋವು, ಮಂಪರು ಬಂದರೆ ನಿದ್ದೆ ಸಾಲಲಿಲ್ಲವೆಂದುಕೊಳ್ಳುತ್ತಾರೆ. ತುಕ್ಕು ಹಿಡಿದು ಕೊಳವೆ ತೂತಾಗಿದ್ದರೆ ಇದೇ ಅನಿಲವು ಕಾರಿನೊಳಕ್ಕೂ ನುಸುಳೀತು. ಎಂದಿಲ್ಲದ ಅಬ್ಬರ ಕಾರಿನಡಿಯಿಂದ ಕೇಳಿಬಂದರೆ ಮೊದಲು ಆ ತೂತನ್ನು ಹುಡುಕಿಸಬೇಕು.