ಸರಸ್ ಕಲಿಸಿದ ಪಾಠ

‘ಸರಸ್’ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಹಗುರ ಸಾರಿಗೆ ವಿಮಾನ. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿಯು ಬಿಡದಿಯ ಸಮೀಪ ನೆಲಕ್ಕುರುಳಿತು. ವಾಯುಪಡೆಯ ಇಬ್ಬರು ಪರೀಕ್ಷಾ ವೈಮಾನಿಕರೂ ಒಬ್ಬ ಎಂಜಿನಿಯರರೂ ಪ್ರಾಣ ತೆತ್ತರು. ಹಾರುತ್ತಿರುವಾಗಲೇ ಒಂದು ಎಂಜಿನ್ನನ್ನು ನಿಲ್ಲಿಸಿ ಮತ್ತೆ ಚಾಲನೆಗೊಳಿಸುವುದು ಅಂದಿನ ಪರೀಕ್ಷೆಗಳಲ್ಲಿ ಒಂದಾಗಿತ್ತು.

ಇದಕ್ಕೆ ಹೊಣೆ ಯಾರು? ವಿನ್ಯಾಸಕಾರರು ರೂಪಿಸಿಕೊಟ್ಟ ಮರುಚಾಲನೆಯ ಕ್ರಮವೇ ಸರಿಯಿರಲಿಲ್ಲವೆಂದೂ, ಅದನ್ನು ಅನುಸರಿಸಿದಾಗ ವಿಮಾನವು ಸಾಕಷ್ಟು ಎತ್ತರದಲ್ಲಿರಲಿಲ್ಲವೆಂದೂ ತನಿಖೆಯಿಂದ ತಿಳಿದುಬಂದಿತು. ಹಾರುವವರ ಪ್ರಾಣವು ನೆಲದ ಮೇಲೆ ಕುಳಿತು ಸೂಚನೆ ಬರೆಯುವವರ ಕೈಯಲ್ಲಿಯೂ ಇರುತ್ತದೆ.

ಹಲವು ವರ್ಷ ಸ್ಥಗಿತಗೊಂಡಿದ್ದ ಕಾರ್ಯವು ಮುಂದುವರಿದು, ಮಾರ್ಪಡಿಸಿದ ಸರಸ್ 2018ರ ಜನವರಿ 24ರಂದು ಬೆಂಗಳೂರಿನ ಆಕಾಶದಲ್ಲಿ ಹಾರಿತು. ತಪ್ಪನ್ನು ಮುಚ್ಚಿಡದೆ ಹುಡುಕಿ ತಿದ್ದಿಕೊಳ್ಳುವುದೇ ಮಡಿದವರಿಗೆ ನಾವು ಸಲ್ಲಿಸಬಹುದಾದ ಗೌರವ.